ಗರಡಿಯ ಮಣ್ಣೋ, ಮ್ಯಾಟೋ? ತೂಗಿ ನೋಡುವುದನ್ನು ಕಲಿಸಿದ ಒಂದು ಪಾಠ

ಹಿನ್ನೆಲೆ

ಮೈಲಾರದ ಸಮೀಪದ ಪ್ರೌಢಶಾಲೆಯೊಂದರಲ್ಲಿ ಅಭ್ಯಾಸ ಬೋಧನೆಗೆ ಹೋಗಿದ್ದಾಗ ಒಂಬತ್ತನೆಯ ತರಗತಿಗೆ ‘ಎರಡು ಅಭಿಪ್ರಾಯಗಳನ್ನು ತೂಗಿ ಬರೆಯುವುದು’ ಎಂಬ ಕನ್ನಡ ಬರವಣಿಗೆ ಪಾಠವನ್ನು ಎರಡು ಸಲ ಮಾಡಿದೆ. ಮೊದಲ ಸಲ ಪಾಠ ಸೋತಿತು. ಏಕೆ ಸೋತಿತು, ಪುನರ್ಬೋಧನೆಯಲ್ಲಿ ಏನನ್ನು ಬದಲಿಸಿದೆ ಎಂಬುದನ್ನು ಸಹಪ್ರಶಿಕ್ಷಣಾರ್ಥಿಗಳ ಉಪಯೋಗಕ್ಕಾಗಿ ಇಲ್ಲಿ ದಾಖಲಿಸಿದ್ದೇನೆ.

ವಿಷಯ ತರಗತಿಯಿಂದಲೇ ಬಂತು. ಒಬ್ಬ ವಿದ್ಯಾರ್ಥಿ ದಿನಾಲೂ ಬೆಳಗಿನ ಜಾವ ಊರಿನ ಗರಡಿಮನೆಗೆ ಹೋಗುತ್ತಿದ್ದ. ಹತ್ತನೆಯ ತರಗತಿ ಮುಗಿದ ಮೇಲೆ ಅವನನ್ನು ಮ್ಯಾಟ್ ಕುಸ್ತಿ ಕಲಿಸುವ ಕ್ರೀಡಾ ವಸತಿ ನಿಲಯಕ್ಕೆ ಕಳಿಸಬೇಕೋ, ಇಲ್ಲೇ ಮುಂದುವರಿಸಬೇಕೋ ಎಂಬ ಚರ್ಚೆ ಮನೆಯಲ್ಲಿ ನಡೆದಿತ್ತು. ಇದಕ್ಕಿಂತ ಜೀವಂತ ವಿಷಯ ಸಿಗದು ಎಂದು ಆರಿಸಿಕೊಂಡೆ.

ಮೊದಲ ಬೋಧನೆ

ಪೀಠಿಕೆಯಲ್ಲೇ ನಾನು, ‘ಒಲಿಂಪಿಕ್ಸ್‌ನಲ್ಲಿ ಕುಸ್ತಿ ನಡೆಯುವುದು ಮ್ಯಾಟಿನ ಮೇಲೆ. ಹಾಗಾದರೆ ಮಣ್ಣು ಒಳ್ಳೆಯದೋ, ಮ್ಯಾಟ್ ಒಳ್ಳೆಯದೋ?’ ಎಂದು ಕೇಳಿದೆ. ಹೆಚ್ಚುಕಡಿಮೆ ಎಲ್ಲ ಕೈಗಳೂ ಮ್ಯಾಟಿನ ಪರವಾಗಿ ಎದ್ದವು. ಗರಡಿಯ ಹುಡುಗ ತಲೆ ತಗ್ಗಿಸಿ ಕುಳಿತ. ಬರಹಗಳನ್ನು ನೋಡಿದರೆ ನನ್ನ ವಾಕ್ಯವೇ ಎಲ್ಲ ನೋಟ್ ಪುಸ್ತಕಗಳಲ್ಲಿತ್ತು. ಮಾರ್ಗದರ್ಶಕರು ವೀಕ್ಷಣಾ ಪುಸ್ತಕದಲ್ಲಿ ಬರೆದದ್ದು ಇಷ್ಟೇ: ‘ಪ್ರಶ್ನೆಗೆ ಮೊದಲೇ ಉತ್ತರ ಕೊಟ್ಟಿದ್ದೀರಿ. ವಿಷಯವನ್ನೂ ಅರ್ಧ ಮಾತ್ರ ಓದಿದ್ದೀರಿ.’ ಎರಡೂ ನಿಜವಾಗಿತ್ತು.

ವಿಷಯ ಸಿದ್ಧತೆ

ಪುನರ್ಬೋಧನೆಗೆ ಮೊದಲು ಗರಡಿಗೆ ಹೋಗಿ ಕುಳಿತು ನೋಡಿದೆ. ಮ್ಯಾಟ್ ಕುಸ್ತಿಯ ನಿಯಮಗಳನ್ನೂ ಓದಿದೆ. ತಿಳಿದದ್ದನ್ನು ಎರಡು ಓದುಕಾರ್ಡುಗಳಾಗಿ ಬರೆದೆ.

ಕಾರ್ಡ್ 1, ಗರಡಿ: ಕೆಮ್ಮಣ್ಣನ್ನು ಜರಡಿ ಹಿಡಿದು, ಎಣ್ಣೆ, ಅರಿಸಿನ ಬೆರೆಸಿ ಕಣ ಸಿದ್ಧಮಾಡುತ್ತಾರೆ. ಕಲಿಯುವವರೇ ಮಣ್ಣನ್ನು ಅಗೆದು ಹದಮಾಡಬೇಕು. ಅದೂ ಸಾಮಿನ ಭಾಗವೇ. ದಂಡ, ಬಸ್ಕಿ, ಗದೆ ತಿರುಗಿಸುವುದು ನಿತ್ಯದ ಕ್ರಮ. ಹನುಮಂತನಿಗೆ ನಮಸ್ಕರಿಸಿ ಕಣಕ್ಕೆ ಇಳಿಯುತ್ತಾರೆ. ಉಸ್ತಾದರ ಮಾತು ಊಟ, ನಿದ್ದೆ, ನಡತೆ ಎಲ್ಲಕ್ಕೂ ಅನ್ವಯಿಸುತ್ತದೆ. ಎದುರಾಳಿಯ ಬೆನ್ನು ನೆಲಕ್ಕೆ ಹತ್ತಿಸಿ ಚಿತ್ ಮಾಡಿದರೆ ಗೆಲುವು. ಜಾತ್ರೆಯ ಕುಸ್ತಿಗಳಲ್ಲಿ ಜೋಡಿಯನ್ನು ಹಿರಿಯರು ಕಣ್ಣಳತೆಯಲ್ಲೇ ಕಟ್ಟುವುದುಂಟು.

ಕಾರ್ಡ್ 2, ಮ್ಯಾಟ್: ಫ್ರೀಸ್ಟೈಲ್ ಕುಸ್ತಿಯಲ್ಲಿ ಮೂರು ಮೂರು ನಿಮಿಷದ ಎರಡು ಸುತ್ತು, ನಡುವೆ 30 ಸೆಕೆಂಡು ವಿರಾಮ. ತೂಕದ ವರ್ಗಗಳಿವೆ. ಚಿತ್ ಆದರೆ ಅಲ್ಲಿಗೆ ಮುಗಿಯಿತು. ಇಲ್ಲವಾದರೆ ಅಂಕಗಳ ಲೆಕ್ಕ. 10 ಅಂಕಗಳ ಅಂತರ ಬಂದರೂ ಪಂದ್ಯ ಮುಗಿಯುತ್ತದೆ. ವೇಗ, ಕಾಲಿಗೆ ನುಗ್ಗುವ ಪಟ್ಟು, ಕೊನೆಯ ಕ್ಷಣದ ಲೆಕ್ಕಾಚಾರಕ್ಕೆ ಇಲ್ಲಿ ಬೆಲೆ ಹೆಚ್ಚು. ಗರಡಿಯಲ್ಲಿ ಎದುರಾಳಿಯ ಚಡ್ಡಿ ಹಿಡಿದು ಹಾಕುವ ಪಟ್ಟುಗಳಿವೆ. ಮ್ಯಾಟಿನಲ್ಲಿ ಉಡುಪು ಹಿಡಿಯುವುದೇ ತಪ್ಪು.

ಎರಡನ್ನೂ ಬೆಸೆಯುವ ಉದಾಹರಣೆಯಾಗಿ ಖಾಶಾಬಾ ಜಾಧವರನ್ನು ತೆಗೆದುಕೊಂಡೆ. ಸಾತಾರಾ ಜಿಲ್ಲೆಯ ಗೋಳೇಶ್ವರದ ಜಾಧವರು ಮಣ್ಣಿನಲ್ಲಿ ಬೆಳೆದ ಪೈಲ್ವಾನರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಆರನೆಯ ಸ್ಥಾನ. 1952ರ ಹೆಲ್ಸಿಂಕಿಯಲ್ಲಿ ಕಂಚು. ಅದು ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ. ಮಣ್ಣು ಅವರಿಗೆ ಬಲ ಕೊಟ್ಟಿತು, ಆದರೆ ಮ್ಯಾಟನ್ನು ಬೇರೆಯಾಗಿಯೇ ಕಲಿಯಬೇಕಾಯಿತು. ಮೈಸೂರು ದಸರಾದಲ್ಲಂತೂ ಇಂದಿಗೂ ನಾಡಕುಸ್ತಿ, ಪಾಯಿಂಟ್ ಕುಸ್ತಿ ಎರಡೂ ನಡೆಯುತ್ತವೆ.

ಪುನರ್ಬೋಧನೆಯ ಹಂತಗಳು

ಪೀಠಿಕೆ: ಮಕ್ಕಳ ಪೂರ್ವಜ್ಞಾನದಿಂದ ಆರಂಭಿಸಿದೆ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಗೊರವಯ್ಯನವರು ಬಿಲ್ಲನ್ನೇರಿ ಒಂದೇ ಮಾತಿನ ಕಾರ್ಣಿಕ ನುಡಿಯುತ್ತಾರೆ. ಆ ಮಾತನ್ನು ಊರವರೆಲ್ಲ ಒಂದೇ ರೀತಿ ಅರ್ಥಮಾಡಿಕೊಳ್ಳುತ್ತಾರೆಯೇ ಎಂದು ಕೇಳಿದೆ. ರೈತ ಮಳೆ ಬೆಳೆಗೆ, ವ್ಯಾಪಾರಿ ಧಾರಣೆಗೆ, ರಾಜಕೀಯದವರು ಕುರ್ಚಿಗೆ ಹೊಂದಿಸಿಕೊಳ್ಳುತ್ತಾರೆ ಎಂದು ಮಕ್ಕಳೇ ಹೇಳಿದರು. ‘ಯಾರು, ಏನು ಬಯಸಿ ಕೇಳುತ್ತಿದ್ದಾರೆ’ ಎಂಬ ಪ್ರಶ್ನೆ ಅಲ್ಲಿಂದಲೇ ಹುಟ್ಟಿತು.

ಗುಂಪು ಚಟುವಟಿಕೆ: ಕಪ್ಪು ಹಲಗೆಯ ಮೇಲೆ ನಾಲ್ಕು ಕಲಮುಗಳನ್ನು ಬರೆದೆ: ಗುರಿ, ದಾರಿ, ಗುರು, ಬೆಲೆ. ಕಾರ್ಡು ಓದಿ, ಯಾವುದು ಒಳ್ಳೆಯದು ಎಂದು ಹೇಳದೆ, ಕಲಮುಗಳನ್ನು ಮಾತ್ರ ತುಂಬಬೇಕು. ‘ಬೆಲೆ’ ಎಂದರೆ ದುಡ್ಡು ಮಾತ್ರವಲ್ಲ, ಬಿಟ್ಟುಕೊಡಬೇಕಾದದ್ದು ಎಂದು ವಿವರಿಸಿದೆ. ಆಗ ಗರಡಿಯ ಹುಡುಗ ಮೊದಲ ಬಾರಿಗೆ ಬಾಯಿ ಬಿಟ್ಟ: ‘ಹಾಸ್ಟೆಲಿಗೆ ಹೋದ್ರ ಉಸ್ತಾದರನ್ನ ಬಿಟ್ಟಂಗ ಆಗತ್ರಿ ಸರ್. ಹೋಗ್ಲಿಲ್ಲ ಅಂದ್ರ ಜಾತ್ರಿ ಕುಸ್ತಿಗೇ ಮುಗೀತ್ರಿ.’ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, ‘ಗರಡ್ಯಾಗ ನಮ್ಮನ್ನ ಬಿಡಂಗಿಲ್ರಿ ಸರ್. ನಮಗ ಎರಡು ದಾರಿ ಎಲ್ಲಿ ಅದಾವ್ರಿ?’ ಎಂದಳು. ನನ್ನ ಪಾಠ ಯೋಜನೆಯಲ್ಲಿ ಈ ಮಾತಿಗೆ ಜಾಗವೇ ಇರಲಿಲ್ಲ. ಹಲಗೆಯ ಮೇಲೆ ಐದನೆಯ ಕಲಮು ಬಂತು: ‘ಬಾಗಿಲು ಯಾರಿಗೆ ತೆರೆದಿದೆ?’ ಮಹಿಳೆಯರ ಕುಸ್ತಿ ಒಲಿಂಪಿಕ್ಸ್‌ಗೆ ಬಂದದ್ದು 2004ರಲ್ಲಿ, 2016ರ ರಿಯೊದಲ್ಲಿ ಸಾಕ್ಷಿ ಮಲಿಕ್ ಕಂಚು ಗೆದ್ದರು ಎಂಬುದನ್ನು ಅಲ್ಲೇ ಸೇರಿಸಿದೆ.

ವಿಸ್ತರಣೆ: ಇದು ನಮ್ಮೂರಿನ ಪ್ರಶ್ನೆ ಮಾತ್ರವಲ್ಲ ಎಂದು ತೋರಿಸಲು ಜಪಾನಿನ ಕತ್ತಿವರಸೆಯ ಉದಾಹರಣೆ ಕೊಟ್ಟೆ. ಅಲ್ಲಿ ಹಳೆಯ ಮನೆತನದ ಶಾಲೆಗಳಲ್ಲಿ ‘ಕಾತಾ’ ಮುಖ್ಯ: ಇಬ್ಬರು ಮರದ ಕತ್ತಿ ಹಿಡಿದು, ಮೊದಲೇ ಗೊತ್ತುಮಾಡಿದ ವರಸೆಗಳನ್ನು ವರ್ಷಗಟ್ಟಲೆ ತಿದ್ದಿ ತಿದ್ದಿ ಮಾಡುತ್ತಾರೆ. 18ನೆಯ ಶತಮಾನದಲ್ಲಿ ಬಿದಿರಿನ ಕತ್ತಿ, ಮೈರಕ್ಷೆಗಳು ಬಳಕೆಗೆ ಬಂದ ಮೇಲೆ ಪೂರ್ಣ ಬಲದಿಂದ ಹೊಡೆದು ಕಲಿಯುವುದು ಸಾಧ್ಯವಾಯಿತು. ಇಂದಿನ ಕೆಂಡೊ ಆ ದಾರಿಯಲ್ಲಿ ಬೆಳೆದದ್ದು. ಬರೀ ವರಸೆ ಕಲಿತವನಿಗೆ ನಿಜವಾದ ಎದುರಾಳಿ ಗೊತ್ತಿಲ್ಲ ಎಂದು ಒಂದು ಕಡೆಯವರು. ಅಂಕಕ್ಕಾಗಿ ಬಡಿಯುವವನಿಗೆ ಕತ್ತಿಯ ಅರ್ಥವೇ ಗೊತ್ತಿಲ್ಲ ಎಂದು ಇನ್ನೊಂದು ಕಡೆಯವರು. ಹಾಗಿದ್ದೂ ಕೆಂಡೊ ಕಲಿಯುವವರಿಗೆ ಇಂದಿಗೂ ಕಾತಾ ಇದೆ. ಅಖಿಲ ಜಪಾನ್ ಕೆಂಡೊ ಒಕ್ಕೂಟ 1975ರಲ್ಲಿ ಕೆಂಡೊದ ಗುರಿಯನ್ನು ವ್ಯಕ್ತಿತ್ವವನ್ನು ತಿದ್ದುವುದು ಎಂದೇ ಹೇಳಿತು. ಇದನ್ನು ಕೇಳಿ ಮಕ್ಕಳು, ‘ನಮ್ಮ ಉಸ್ತಾದರೂ ಅದನ್ನೇ ಹೇಳ್ತಾರ್ರಿ’ ಎಂದರು.

ಬರವಣಿಗೆ: ‘ನನ್ನ ತಮ್ಮನೋ ತಂಗಿಯೋ ಕುಸ್ತಿ ಕಲಿಯಬೇಕೆಂದರೆ ಎಲ್ಲಿಗೆ ಕಳಿಸುವೆ? ಮೊದಲು ಅವರ ಗುರಿಯನ್ನು ಬರೆ. ನೀನು ಒಪ್ಪದ ದಾರಿಯ ಒಂದು ಒಳ್ಳೆಯ ಗುಣವನ್ನೂ ಬರೆ.’

ಮೌಲ್ಯಮಾಪನ

ಯಾವ ಕಡೆ ಬರೆದರು ಎಂಬುದಕ್ಕೆ ಅಂಕವಿಲ್ಲ. ಗುರಿಯನ್ನು ಸ್ಪಷ್ಟವಾಗಿ ಹೇಳಿದ್ದಾರೆಯೇ, ಕಾರಣ ಆ ಗುರಿಗೆ ಹೊಂದುತ್ತದೆಯೇ, ಎದುರು ಪಕ್ಷಕ್ಕೆ ನ್ಯಾಯ ಒದಗಿಸಿದ್ದಾರೆಯೇ ಎಂಬ ಮೂರನ್ನೇ ನೋಡಿದೆ. ಈ ಸಲ ಒಂದು ಬರಹ ಇನ್ನೊಂದರಂತೆ ಇರಲಿಲ್ಲ. ಗರಡಿಯ ಹುಡುಗ ತೀರ್ಮಾನ ಬರೆಯಲೇ ಇಲ್ಲ. ಬದಲಿಗೆ ಉಸ್ತಾದರಿಗೆ ಮೂರು, ವಸತಿ ನಿಲಯದ ತರಬೇತುದಾರರಿಗೆ ಮೂರು ಪ್ರಶ್ನೆ ಬರೆದಿದ್ದ. ‘ರಜೆಗೆ ಬಂದಾಗ ಮಣ್ಣಿಗೆ ಇಳಿಯಬಹುದೇ?’ ಎಂಬುದು ಎರಡೂ ಪಟ್ಟಿಯಲ್ಲಿತ್ತು. ಸೂಚನೆ ಮೀರಿದ ಆ ಬರಹಕ್ಕೆ ಪೂರ್ಣ ಅಂಕ ಕೊಟ್ಟೆ. ಮಾರ್ಗದರ್ಶಕರೂ ಒಪ್ಪಿದರು.

ಅವಲೋಕನ

‘ಯಾವುದು ಒಳ್ಳೆಯದು?’ ಎಂಬ ಪ್ರಶ್ನೆ ತರಗತಿಯನ್ನು ಎರಡು ಪಾಲು ಮಾಡುತ್ತದೆ. ‘ಯಾವುದಕ್ಕೆ ಒಳ್ಳೆಯದು, ಯಾರಿಗೆ, ಏನನ್ನು ಬಿಟ್ಟು?’ ಎಂಬ ಪ್ರಶ್ನೆ ಯೋಚನೆಗೆ ಹಚ್ಚುತ್ತದೆ. ಶಿಕ್ಷಕರ ಅಭಿಪ್ರಾಯವನ್ನು ಮುಚ್ಚಿಡಬೇಕೆಂದಿಲ್ಲ, ಮಕ್ಕಳು ಬರೆದು ಮುಗಿಸಿದ ಮೇಲೆ ಹೇಳಿದರೆ ಸಾಕು. ವಿಷಯ ತರಗತಿಯ ಒಂದು ಮಗುವಿನ ಬದುಕಿಗೆ ತಾಗುವಂತಿದ್ದರೆ ಮೊದಲು ಆ ಮಗುವನ್ನು ಕೇಳಬೇಕು. ನಾನು ಕೇಳಿದ್ದು ಎರಡನೆಯ ಪಾಠದ ಹಿಂದಿನ ದಿನ. ಮೊದಲ ಪಾಠಕ್ಕೆ ಮುನ್ನವೇ ಕೇಳಬೇಕಿತ್ತು.

ನಮ್ಮ ತರಬೇತಿಯಲ್ಲೂ ಇದೇ ವಾದವಿದೆ. ಸೂಕ್ಷ್ಮ ಬೋಧನೆಯಲ್ಲಿ ಒಂದೊಂದೇ ಕೌಶಲವನ್ನು ಗೊತ್ತಾದ ವರಸೆಯಂತೆ ತಿದ್ದುತ್ತೇವೆ. ಎದುರಿಗೆ ಕುಳಿತವರು ನಮ್ಮ ಸಹಪಾಠಿಗಳೇ. ಶಾಲೆಯ ತರಗತಿಯಲ್ಲಿ ಹಿಂದಿನ ಬೆಂಚಿನಿಂದ ಯೋಜನೆಯಲ್ಲಿಲ್ಲದ ಪ್ರಶ್ನೆ ಬರುತ್ತದೆ. ಪ್ರಶ್ನೆ ಕೇಳುವ ಕೌಶಲವನ್ನು ನಾನು ಮೊದಲಿನದರಲ್ಲಿ ಕಲಿತೆ, ಉತ್ತರಕ್ಕಾಗಿ ಕಾಯುವುದನ್ನು ಎರಡನೆಯದರಲ್ಲಿ. ಐದನೆಯ ಕಲಮನ್ನು ಮುಂದಿನ ಪಾಠ ಯೋಜನೆಯಲ್ಲಿ ಮೊದಲೇ ಖಾಲಿ ಬಿಟ್ಟಿದ್ದೇನೆ.