ಮನೆಯಲ್ಲೇ ಒಂದು ಯುದ್ಧದಾಟ

ಹಳೆಯ ದೇವಸ್ಥಾನಗಳ ಜಗಲಿಯ ಮೇಲೆ, ಅರಳಿಕಟ್ಟೆಯ ಚಪ್ಪಡಿಯ ಮೇಲೆ ಕೊರೆದಿರುವ ಹುಲಿ-ಕುರಿ ಆಟದ ಗೆರೆಗಳನ್ನು ನಮ್ಮ ವಾಚಕರಲ್ಲಿ ಅನೇಕರು ನೋಡಿರಬಹುದು. ಅದರ ಒಂದು ಬಗೆಯಲ್ಲಿ ಮೂರು ಹುಲಿಗಳು, ಹದಿನೈದು ಕುರಿಗಳು. ಹುಲಿ ಕುರಿಯನ್ನು ಹಾರಿ ಕೊಲ್ಲಬಲ್ಲುದು. ಕುರಿಗೆ ಕೊಲ್ಲುವ ಶಕ್ತಿಯಿಲ್ಲ. ಒಟ್ಟುಗೂಡಿ ಹುಲಿಯ ದಾರಿ ಕಟ್ಟುವ ಶಕ್ತಿ ಮಾತ್ರ ಉಂಟು. ಚದುರಂಗದಲ್ಲಾದರೋ ಎರಡು ಪಕ್ಷಗಳೂ ಸರಿಸಮಾನ. ನಿಜವಾದ ಯುದ್ಧವು ಚದುರಂಗಕ್ಕಿಂತ ಹುಲಿ-ಕುರಿ ಆಟವನ್ನೇ ಹೆಚ್ಚಾಗಿ ಹೋಲುತ್ತದೆಂದು ನಮ್ಮ ಅಭಿಪ್ರಾಯ. ಒಬ್ಬರಲ್ಲಿ ಜನ ಹೆಚ್ಚು, ಇನ್ನೊಬ್ಬರಲ್ಲಿ ಆಯುಧ ಮೇಲು. ಇಂತಹ ಅಸಮಾನ ಪಕ್ಷಗಳನ್ನು ಒಂದೇ ಹಾಸಿನ ಮೇಲೆ ನ್ಯಾಯವಾಗಿ ಎದುರುಬದುರು ನಿಲ್ಲಿಸುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ನಾವೂ ನಮ್ಮ ವಿದ್ಯಾರ್ಥಿಗಳೂ ರಟ್ಟು, ಗುಂಡಿ, ಹುಣಸೆಬೀಜಗಳಿಂದ ಒಂದು ಆಟವನ್ನು ರಚಿಸಿದೆವು.

ಯುದ್ಧವೊಂದನ್ನು ಆರಿಸಲು ನಾವು ದೂರ ಹೋಗಬೇಕಾಗಲಿಲ್ಲ. ೧೮೩೦ರಲ್ಲಿ ಮೈಸೂರು ಸಂಸ್ಥಾನದ ನಗರ ಪ್ರಾಂತದ ರೈತರು ಕಂದಾಯದ ಕಾಟವನ್ನು ತಾಳಲಾರದೆ ಕೂಟ ಕಟ್ಟಿ ದಂಗೆಯೆದ್ದರು. ತಾನು ಕೆಳದಿಯ ಅರಸರ ವಂಶದವನೆಂದು ಹೇಳಿಕೊಂಡ ಬೂದಿ ಬಸವಪ್ಪನು ಅವರ ಮುಂದಾಳಾದನು. ಈಗ ದಾವಣಗೆರೆ ಜಿಲ್ಲೆಗೆ ಸೇರಿರುವ ಹೊನ್ನಾಳಿಯಲ್ಲಿಯೂ ಕಾದಾಟ ನಡೆಯಿತು. ಈ ದಂಗೆಯನ್ನೇ ಮುಖ್ಯ ಕಾರಣವಾಗಿ ತೋರಿಸಿ ಈಸ್ಟ್ ಇಂಡಿಯಾ ಕಂಪನಿಯು ೧೮೩೧ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತವನ್ನು ಕಿತ್ತುಕೊಂಡಿತು. ಆಟಗಳ ಚರಿತ್ರೆಯಲ್ಲಿ ಇದಕ್ಕೊಂದು ವಿಚಿತ್ರವಾದ ಸಂಬಂಧವುಂಟು. ಹಾಸಿನ ಆಟಗಳನ್ನು ರಚಿಸುವುದರಲ್ಲಿ ಈ ಅರಸರಿಗೆ ಸಮಾನರಾದವರು ಭಾರತದಲ್ಲಿ ವಿರಳ. ಚದುರಂಗದ ಕುದುರೆಯು ಅರವತ್ತನಾಲ್ಕು ಮನೆಗಳಲ್ಲಿಯೂ ಒಂದೊಂದೇ ಸಲ ನಿಂತು ಸಂಚರಿಸುವ ಬಗೆಗಳನ್ನು ಅವರು ರಚಿಸಿದರು. ಅವರ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಒಂದಾದ ಕೌತುಕನಿಧಿಯು ಆಟಗಳಿಗೇ ಮೀಸಲಾಗಿದೆ. ನೆಲದ ಮೇಲಿನ ಆಟವನ್ನು ಕಳೆದುಕೊಂಡವರು ಹಾಸಿನ ಮೇಲಿನ ಆಟದಲ್ಲಿ ಅದ್ವಿತೀಯರಾಗಿದ್ದರು.

ಭೂಪಟದ ಮೇಲೆ ಯುದ್ಧದಾಟ ಆಡುವ ಪದ್ಧತಿಯನ್ನು ಬಳಕೆಗೆ ತಂದವರು ಪ್ರಷ್ಯದ ಸೈನ್ಯಾಧಿಕಾರಿಗಳು. ೧೮೨೪ರಲ್ಲಿ ರೈಸ್‌ವಿಟ್ಸ್ ಎಂಬ ಕಿರಿಯ ಅಧಿಕಾರಿಯು ೧:೮೦೦೦ ಪ್ರಮಾಣದ ಪಟ, ಅಳತೆಗೋಲು, ದಾಳ ಮತ್ತು ಒಬ್ಬ ಮಧ್ಯಸ್ಥನನ್ನು ಬಳಸುವ ಆಟವನ್ನು ಪ್ರಕಟಿಸಿದನು. ಯುದ್ಧದಲ್ಲಿ ಆಕಸ್ಮಿಕಕ್ಕೂ ಪಾತ್ರವಿದೆಯೆಂದು ಒಪ್ಪಿಕೊಂಡು ದಾಳಕ್ಕೆ ಸ್ಥಾನ ಕೊಟ್ಟದ್ದು ಈ ಆಟದ ಹಿರಿಮೆ.

ಮೊದಲು ಹಾಸನ್ನು ಮಾಡೋಣ. ಚದುರಂಗದಂತೆ ಚೌಕದ ಮನೆಗಳನ್ನು ಹಾಕಿದರೆ ಒಂದು ದೋಷ ಬರುತ್ತದೆ. ಪಕ್ಕದ ಮನೆಯ ನಡುಬಿಂದುವಿಗೆ ಇರುವ ದೂರ ೧ ಆದರೆ ಮೂಲೆಯ ಮನೆಯ ನಡುಬಿಂದುವಿಗೆ ೧.೪೧೪. ಓರೆಯಾಗಿ ನಡೆಯುವ ಸೈನ್ಯವು ಒಂದೇ ಹೆಜ್ಜೆಗೆ ನೂರಕ್ಕೆ ೪೧ ಭಾಗ ಹೆಚ್ಚು ದಾರಿ ಸವೆಸಿದಂತಾಗುತ್ತದೆ! ನಮ್ಮ ಮೊದಲ ಹಾಸಿನಲ್ಲಿ ಈ ತಪ್ಪನ್ನೇ ಮಾಡಿದ್ದೆವು. ಆಟಗಾರರೆಲ್ಲರೂ ಓರೆಯಾಗಿಯೇ ಓಡತೊಡಗಿದಾಗ ಎಚ್ಚರವಾಯಿತು. ಜೇನುಹುಟ್ಟಿನಂತಹ ಷಟ್ಕೋನದ ಮನೆಗಳಲ್ಲಿ ಈ ದೋಷವಿಲ್ಲ. ಆರು ನೆರೆಮನೆಗಳೂ ಸಮದೂರದಲ್ಲಿರುತ್ತವೆ. ೧೯೬೧ರಿಂದೀಚೆಗೆ ಅಮೆರಿಕದಲ್ಲಿ ಅಚ್ಚಾದ ಯುದ್ಧದಾಟಗಳಲ್ಲಿ ಷಟ್ಕೋನವೇ ರೂಢಿಗೆ ಬಂದಿತು.

ಆದರೆ ನೂರಾರು ಷಟ್ಕೋನಗಳನ್ನು ಕೈಯಿಂದ ಬರೆಯುವುದು ಬೇಸರದ ಕೆಲಸ. ಗೋಡೆಯ ಇಟ್ಟಿಗೆಗಳನ್ನು ನೋಡಿ. ಒಂದು ವರಸೆಯ ಮೇಲೆ ಇನ್ನೊಂದು ವರಸೆ ಅರ್ಧ ಇಟ್ಟಿಗೆಯಷ್ಟು ಸರಿದಿರುವುದರಿಂದ ಪ್ರತಿಯೊಂದು ಇಟ್ಟಿಗೆಗೂ ಆರೇ ನೆರೆಗಳು: ಬದಿಗಳಲ್ಲಿ ಎರಡು, ಮೇಲೆ ಎರಡು, ಕೆಳಗೆ ಎರಡು. ಇಟ್ಟಿಗೆಯ ಅಗಲ ೩ ಸೆಂಟಿಮೀಟರು, ಎತ್ತರ ೨.೬ ಸೆಂಟಿಮೀಟರು ಇರಲಿ. ಬದಿಯ ಮನೆಯ ನಡುವಿಗೆ ದೂರ ೩. ಮೇಲಿನ ಮನೆಯ ನಡುವಿಗೆ ದೂರವೆಷ್ಟು? ೧.೫ರ ವರ್ಗ ೨.೨೫, ೨.೬ರ ವರ್ಗ ೬.೭೬, ಕೂಡಿದರೆ ೯.೦೧. ಇದರ ವರ್ಗಮೂಲ ೩ಕ್ಕೆ ಕೂದಲೆಳೆಯಷ್ಟು ಹೆಚ್ಚು. ಸ್ಕೇಲು, ಪೆನ್ಸಿಲುಗಳಿಂದಲೇ ಜೇನುಹುಟ್ಟಿನ ಗುಣ ನಮಗೆ ದೊರೆಯಿತು.

ಒಂದು ಸೆಂಟಿಮೀಟರಿಗೆ ಒಂದು ಕಿಲೋಮೀಟರು ಎಂದಿಟ್ಟುಕೊಂಡರೆ ಒಂದು ವರಸೆಗೆ ಹತ್ತು ಮನೆಗಳಂತೆ ಹದಿನಾರು ವರಸೆಗಳ ಹಾಸಿನಲ್ಲಿ ತೆಂಕಣ ಶಿವಮೊಗ್ಗದಿಂದ ಬಡಗಣ ಹೊನ್ನಾಳಿಯವರೆಗಿನ ಸೀಮೆಯೆಲ್ಲ ಹಿಡಿಯುತ್ತದೆ. ಪಶ್ಚಿಮದಲ್ಲಿ ಸವಳಂಗ, ನಡುವೆ ನ್ಯಾಮತಿ. ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಸೇರಿ ತುಂಗಭದ್ರೆಯಾಗಿ ಬಡಗಲಿಗೆ ಹರಿಯುತ್ತವೆ. ಹೊನ್ನಾಳಿ ಇರುವುದು ಹೊಳೆಯ ಎಡದಂಡೆಯಲ್ಲಿ. ಗಾಳಿಯಲ್ಲಿ ಅಳೆದರೆ ಶಿವಮೊಗ್ಗದಿಂದ ಹೊನ್ನಾಳಿಗೆ ಸುಮಾರು ಹನ್ನೆರಡು ಮನೆಗಳು, ನ್ಯಾಮತಿಯಿಂದ ಹೊನ್ನಾಳಿಗೆ ನಾಲ್ಕು. ಕಾಲಾಳು ದಿನಕ್ಕೆ ಹದಿನೈದು ಕಿಲೋಮೀಟರು ನಡೆಯುತ್ತಾನೆಂದು ಬಗೆದು ಒಂದು ಸರದಿಗೆ ಐದು ಮನೆಗಳ ನಡೆ ಕೊಟ್ಟೆವು. ಕಾಡಿನ ಮನೆಯನ್ನು ಎರಡೆಂದು ಎಣಿಸಬೇಕು. ಹೊಳೆಯನ್ನು ಹಾಯುವುದು ಗುರುತು ಮಾಡಿದ ಹಾಯ್ಗಡಗಳಲ್ಲಿ ಮಾತ್ರ.

ಕಂಪನಿಯ ಪಕ್ಷಕ್ಕೆ ಹತ್ತು ಗುಂಡಿಗಳು: ಐದು ಶಿವಮೊಗ್ಗದಲ್ಲಿ, ಐದು ಹೊಳೆಯಾಚೆ ಪೂರ್ವದಂಡೆಯಲ್ಲಿ. ಕೂಟದ ಪಕ್ಷಕ್ಕೆ ಹದಿನಾಲ್ಕು ಹುಣಸೆಬೀಜಗಳು: ಹೊನ್ನಾಳಿಯಲ್ಲಿ ಐದು, ನ್ಯಾಮತಿಯಲ್ಲಿ ಐದು, ಸವಳಂಗದ ಕಾಡಿನಲ್ಲಿ ನಾಲ್ಕು. ಇದು ೧೮೩೧ರ ಸೈನ್ಯಗಳ ಎಣಿಕೆಯಲ್ಲ, ಆಟಕ್ಕಾಗಿ ನಾವು ಮಾಡಿಕೊಂಡ ಹಂಚಿಕೆ. ಹನ್ನೆರಡನೆಯ ದಿನದ ಕೊನೆಗೆ ಹೊನ್ನಾಳಿ ಯಾರ ಕೈಯಲ್ಲಿದೆಯೋ ಅವರಿಗೆ ಗೆಲುವು.

ಎದುರಾಳಿಗಳು ಒಂದೇ ಮನೆಯಲ್ಲಿ ಸಂಧಿಸಿದರೆ ಕಾದಾಟ. ಪ್ರತಿಯೊಂದು ಕಾಯಿಗೂ ಒಂದು ದಾಳ. ಕೂಟದವರಿಗೆ ಆರು ಬಿದ್ದರೆ ಶತ್ರುವಿನ ಒಂದು ಕಾಯಿ ಹೋಗುತ್ತದೆ. ಕಂಪನಿಯ ಸಿಪಾಯಿಗಳು ಕವಾಯತು ಮಾಡಿ ಪಳಗಿದವರು. ಅವರಿಗೆ ಐದು ಬಿದ್ದರೂ ಸಾಕು, ಆರು ಬಿದ್ದರೂ ಸಾಕು. ಎರಡು ಪಕ್ಷಗಳೂ ದಾಳ ಹಾಕಿದ ಬಳಿಕವೇ ಸತ್ತ ಕಾಯಿಗಳನ್ನು ತೆಗೆಯತಕ್ಕದ್ದು. ಪ್ರತಿ ಸುತ್ತು ಮುಗಿದ ಮೇಲೆ ಬೇಕಾದವರು ಹಿಂದೆಗೆಯಬಹುದು.

ಇಲ್ಲಿ ಒಂದು ಲೆಕ್ಕ ಕೇಳೋಣ. ಕಂಪನಿಯ ಒಂದು ಕಾಯಿ ಕೂಟದ ಎರಡು ಕಾಯಿಗಳಷ್ಟು ಕೊಲ್ಲುತ್ತದೆ. ಹಾಗಾದರೆ ಹತ್ತು ಗುಂಡಿಗಳಿಗೆ ಸಮನಾಗಲು ಎಷ್ಟು ಬೀಜಗಳು ಬೇಕು? ನಮ್ಮ ತರಗತಿಯಲ್ಲಿ ಎಲ್ಲರೂ ‘ಇಪ್ಪತ್ತು’ ಎಂದರು. ಸರಿಯಾದ ಉತ್ತರ ಹದಿನಾಲ್ಕು!

ಇದರ ಕಾರಣವನ್ನು ತಿಳಿಸಿದವನು ಲ್ಯಾಂಚೆಸ್ಟರ್ ಎಂಬ ಇಂಗ್ಲಿಷ್ ಎಂಜಿನಿಯರು. ವಿಮಾನಯುದ್ಧವನ್ನು ಕುರಿತ ಅವನ ಗ್ರಂಥ ೧೯೧೬ರಲ್ಲಿ ಪ್ರಕಟವಾಯಿತು. ಬಯಲಿನಲ್ಲಿ ಎಲ್ಲರೂ ಎಲ್ಲರ ಮೇಲೆ ಗುರಿಯಿಡಬಲ್ಲರಾದರೆ ಒಂದು ಪಕ್ಷದ ನಷ್ಟದ ವೇಗವು ಎದುರು ಪಕ್ಷದ ಸಂಖ್ಯೆಗೆ ಅನುಪಾತವಾಗಿರುತ್ತದೆ. ಸಂಖ್ಯೆ ಹೆಚ್ಚಿದವನಿಗೆ ಲಾಭ ಎರಡು ಕಡೆಯಿಂದ: ಅವನು ಹೆಚ್ಚು ಹೊಡೆಯುತ್ತಾನೆ, ತನ್ನ ಮೇಲೆ ಬೀಳುವ ಏಟು ಹೆಚ್ಚು ಜನರಲ್ಲಿ ಹಂಚಿಹೋಗುತ್ತದೆ. ಆದುದರಿಂದ ಸೈನ್ಯದ ಬಲವು ಸಂಖ್ಯೆಯ ವರ್ಗವನ್ನು ಒಬ್ಬೊಬ್ಬನ ಸಾಮರ್ಥ್ಯದಿಂದ ಗುಣಿಸಿದಷ್ಟು. ಗುಂಡಿಗಳ ಬಲ ೨×೧೦೦, ಅಂದರೆ ೨೦೦. ಹದಿನಾಲ್ಕು ಬೀಜಗಳ ಬಲ ೧೯೬. ಹೆಚ್ಚುಕಡಿಮೆ ಸರಿಸಾಟಿ.

ಈ ಬಲಗಳನ್ನು ಒಂದರಿಂದ ಒಂದು ಕಳೆದರೆ ಉಳಿದವರ ಸಂಖ್ಯೆಯೂ ತಿಳಿಯುತ್ತದೆ. ಕೂಟದವರು ಚದುರಿದ್ದಾಗ ಹತ್ತು ಗುಂಡಿಗಳೂ ಒಂದಾಗಿ ಅವರನ್ನು ಗುಂಪುಗುಂಪಾಗಿ ಹಿಡಿದರೆನ್ನಿ. ೨೦೦ರಿಂದ ೨೫, ಮತ್ತೆ ೨೫, ಆಮೇಲೆ ೧೬ ಕಳೆದರೆ ೧೩೪. ಅದರ ಅರ್ಧ ೬೭, ವರ್ಗಮೂಲ ೮ಕ್ಕೆ ಸ್ವಲ್ಪ ಹೆಚ್ಚು. ಹದಿನಾಲ್ಕು ಬೀಜಗಳೂ ಅಳಿದು ಎರಡೇ ಗುಂಡಿಗಳ ನಷ್ಟ! ಅದೇ ಬೀಜಗಳು ಒಂದಾಗಿ, ಗುಂಡಿಗಳು ಐದೈದಾಗಿ ಸಿಕ್ಕಿದರೆ ೧೯೬ರಿಂದ ೫೦, ಇನ್ನೊಂದು ೫೦ ಕಳೆದು ೯೬. ಸುಮಾರು ಹತ್ತು ಬೀಜಗಳು ಉಳಿಯುತ್ತವೆ. ಒಟ್ಟುಗೂಡುವ ಓಟದಲ್ಲಿ ಯಾರು ಮುಂದು ಎಂಬುದೇ ಈ ಆಟದ ಜೀವಾಳ.

ಹಾಯ್ಗಡದ ಸಂಗತಿ ನಮ್ಮನ್ನೂ ಬೆರಗುಗೊಳಿಸಿತು. ಅಲ್ಲಿ ದಾರಿ ಕಿರಿದಾದ್ದರಿಂದ ಪಕ್ಷಕ್ಕೊಂದು ಕಾಯಿ ಮಾತ್ರ ಕಾದಬೇಕೆಂದು ನಿಯಮ ಮಾಡಿದ್ದೆವು. ದುರ್ಬಲರು ಇಕ್ಕಟ್ಟಾದ ಜಾಗ ಹಿಡಿಯಬೇಕೆಂಬ ನಂಬಿಕೆಯಿಂದ ಕೂಟದ ಪಕ್ಷ ವಹಿಸಿದ ಹುಡುಗರು ಹೊನ್ನಾಳಿಯ ಹಾಯ್ಗಡಕ್ಕೆ ಏಳು ಬೀಜಗಳನ್ನು ಅಟ್ಟಿ ಪೂರ್ವದಂಡೆಯ ಐದು ಗುಂಡಿಗಳನ್ನು ತಡೆಯಲು ನೋಡುತ್ತಿದ್ದರು. ಆಟದ ಮೇಲೆ ಆಟ ಸೋಲುತ್ತಿದ್ದರು. ದಾಳವೇ ಕೆಟ್ಟದ್ದೆಂದು ಒಬ್ಬನು ಅದನ್ನು ನೀರಿನಲ್ಲಿ ತೇಲಿಬಿಟ್ಟು ಪರೀಕ್ಷಿಸಿದ್ದೂ ಆಯಿತು. ತಪ್ಪು ದಾಳದ್ದಲ್ಲ. ಒಬ್ಬೊಬ್ಬರೇ ಕಾದುವಲ್ಲಿ ವರ್ಗದ ನಿಯಮ ನಡೆಯುವುದಿಲ್ಲ. ಹಿಂದೆ ನಿಂತವರ ಸಂಖ್ಯೆ ಹೊಡೆತಕ್ಕೆ ಸೇರುವುದೇ ಇಲ್ಲ. ಅಲ್ಲಿ ಸರಾಸರಿ ಒಂದು ಗುಂಡಿಗೆ ಎರಡು ಬೀಜಗಳ ನಷ್ಟ. ಐದು ಗುಂಡಿಗಳಿಗೆ ಹತ್ತು ಬೀಜಗಳೇ ಬೇಕು. ಬಯಲಿನಲ್ಲಿಯೋ ೭ರ ವರ್ಗ ೪೯, ಗುಂಡಿಗಳ ಬಲ ೫೦. ಅವರನ್ನು ಹೊಳೆ ದಾಟಗೊಟ್ಟು ಬಯಲಿನಲ್ಲಿ ಸುತ್ತುವರಿದರೆ ಅದೇ ಏಳು ಬೀಜಗಳು ಸಮಸಮ ನಿಲ್ಲುತ್ತವೆ. ಕಿರಿದಾದ ದಾರಿ ಕಾಯುವುದು ಪಳಗಿದ ಕೆಲವರನ್ನು, ಪಳಗದ ಹಲವರನ್ನಲ್ಲ.

ಕೋಟೆಯ ನಿಯಮ ಸುಲಭ. ಒಳಗಿರುವವರ ಮೇಲೆ ಏರಿಬರುವ ಕಂಪನಿಗೆ ಆರು ಮಾತ್ರ ಫಲಿಸುತ್ತದೆ. ಒಳಗೆ ಐದು ಕಾಯಿಗಳಿಗಿಂತ ಹೆಚ್ಚು ಹಿಡಿಯವು. ಕೋಟೆಯನ್ನು ಕಂಪನಿ ಹಿಡಿದರೆ ಕೂಟದವರು ಲಗ್ಗೆ ಹತ್ತಲಾರರು, ಮುತ್ತಿಗೆ ಹಾಕಬಹುದು: ಮೂರು ದಿನ ಸುತ್ತಲ ದಾರಿ ಕಟ್ಟಿದರೆ ಒಳಗಿನವರು ಹೊರಬರಲೇಬೇಕು.

ಕಾಡಿನ ಕಾದಾಟಕ್ಕೆ ತಕ್ಕ ಸಮೀಕರಣವನ್ನು ೧೯೬೨ರಲ್ಲಿ ಡೀಚ್‌ಮನ್ ಎಂಬಾತನು ಕೊಟ್ಟನು. ಹೊಂಚುಹಾಕಿದವನು ಗುರಿ ನೋಡಿ ಹೊಡೆಯುತ್ತಾನೆ. ಸಿಕ್ಕಿಬಿದ್ದವನು ಪೊದೆಗಳ ಕಡೆಗೆ ಸುಮ್ಮನೆ ಹಾರಿಸುತ್ತಾನೆ. ಅದನ್ನೆಲ್ಲ ದಾಳದಲ್ಲಿ ತರಲು ಹೋದರೆ ಆಟ ಕುಂಟುತ್ತದೆ. ಕಾಡಿನ ಮನೆಯಲ್ಲಿ ಮೊದಲ ಸುತ್ತಿನ ದಾಳ ಕೂಟದವರದೇ, ಆಮೇಲೂ ಕಂಪನಿಗೆ ಆರು ಮಾತ್ರ, ಎಂದಷ್ಟಕ್ಕೆ ನಿಲ್ಲಿಸಿದೆವು.

ದಾಳವಿಲ್ಲದ ಮನೆಯಲ್ಲಿ ಒಂದು ಬದಿ ತೇಯ್ದ ಹುಣಸೆಬೀಜ, ಕವಡೆಗಳನ್ನೂ ಬಳಸಬಹುದು. ಆದರೆ ಕವಡೆಯ ಎರಡು ಮಗ್ಗುಲುಗಳು ಸಮಾನವಲ್ಲ. ಮೊದಲು ಇನ್ನೂರು ಸಲ ಎಸೆದು ಎಷ್ಟು ಬಾರಿ ಅಂಗಾತ ಬಿತ್ತೆಂದು ಬರೆದುಕೊಳ್ಳಿ. ಆಟದ ನಿಯಮಗಳನ್ನೂ ಹೀಗೆಯೇ ಪರೀಕ್ಷಿಸಬೇಕು. ಇಬ್ಬರು ಆಟಗಾರರು ಪಕ್ಷ ಬದಲಿಸುತ್ತ ಇಪ್ಪತ್ತು ಆಟಗಳನ್ನಾಡಿ ಫಲವನ್ನು ಗುರುತಿಸಲಿ. ಒಂದೇ ಪಕ್ಷ ಹದಿನೈದಕ್ಕೆ ಮೇಲೆ ಗೆದ್ದರೆ ಕೈಚಳಕವನ್ನು ದೂರುವಂತಿಲ್ಲ, ಹಂಚಿಕೆಯಲ್ಲಿಯೇ ಓರೆಯಿದೆ. ಆಗ ಒಂದು ಬೀಜವನ್ನು ಕೂಡಿಸಿ ಅಥವಾ ಕಳೆದು ಮತ್ತೆ ಇಪ್ಪತ್ತು ಆಟಗಳನ್ನಾಡಿ. ಏಕಕಾಲಕ್ಕೆ ಎರಡು ನಿಯಮಗಳನ್ನು ಬದಲಿಸಬೇಡಿ. ಯಾವುದರಿಂದ ಏನಾಯಿತೆಂದು ಆಮೇಲೆ ತಿಳಿಯುವುದಿಲ್ಲ.

ಮಳೆಗಾಲದ ಆಟವೊಂದನ್ನೂ ಆಡಿನೋಡಬಹುದು. ಮುಂಗಾರು ಬಿಡದೆ ಹಿಡಿದರೆ ತುಂಗಭದ್ರೆ ತುಂಬಿ ಹಾಯ್ಗಡಗಳು ಮುಚ್ಚುತ್ತವೆ. ಪ್ರತಿದಿನ ಬೆಳಗ್ಗೆ ಒಂದು ದಾಳ ಹಾಕಿ, ಒಂದು ಬಿದ್ದ ದಿನದಿಂದ ಹಾಯ್ಗಡವಿಲ್ಲವೆಂದು ತಿಳಿಯಿರಿ. ಅಲ್ಲಿಂದಾಚೆಗೆ ಹರಿಗೋಲೇ ಗತಿ, ದಿನಕ್ಕೆ ಒಂದೇ ಕಾಯಿ. ಪೂರ್ವದಂಡೆಯ ಐದು ಗುಂಡಿಗಳು ಆಗ ಏನು ಮಾಡಬೇಕೆಂಬುದಕ್ಕೆ ನಮ್ಮ ತರಗತಿಯಲ್ಲಿ ಇನ್ನೂ ಒಮ್ಮತವಿಲ್ಲ.