ಅಪ್ಪನ ಪಾತ್ರಕ್ಕೆ ಮುಖ ಸಿಂಡರಿಸುವ ತಮ್ಮನಿಗೆ

ಪ್ರಿಯ ತಮ್ಮ,

ನಾಟಕದಲ್ಲಿ ಒಂದಷ್ಟು ಕಾಲ ಬಣ್ಣ ಹಚ್ಚಿ ಈಗ ಸಿನಿಮಾ, ಧಾರಾವಾಹಿಗಳ ಕಡೆ ಹೊರಟಿರುವ ನಿನ್ನಂಥವರಿಗೆಲ್ಲ ಈ ಕಾಗದ. ನಾಯಕನ ಪಾತ್ರ ಕೈತಪ್ಪಿದಾಗ ಅಣ್ಣ, ಮಾವ, ಮೇಷ್ಟ್ರು, ಅಂಗಡಿಯವನು ಎಂದು ಹುಡುಕಿಕೊಂಡು ಬರುವ ಪಾತ್ರಗಳನ್ನು ಒಲ್ಲದ ಮನಸ್ಸಿನಿಂದ, ಮುಂದೆ ಒಳ್ಳೆಯದು ಸಿಗುವ ತನಕ ಇರಲಿ ಎಂದು ಒಪ್ಪಿಕೊಳ್ಳುತ್ತೀರಿ. ನನ್ನ ತಕರಾರು ಇರುವುದು ಅಲ್ಲೇ. ಪೋಷಕ ನಟನೆ ಬೇರೆಯೇ ಕಸುಬು, ಅದರ ತಯಾರಿಯೂ ಬೇರೆ. ತಾನಾಡುವ ಮಾತನ್ನು ಜನ ನಂಬಿದರೆ ನಾಯಕ ಗೆದ್ದ. ಪೋಷಕ ನಟನಿಗೆ ಅಷ್ಟು ಸಾಲದು, ಎದುರಿಗಿರುವವನು ಆಡುವ ಮಾತನ್ನೂ ಜನ ನಂಬುವ ಹಾಗೆ ಅವನು ಕೇಳಿಸಿಕೊಳ್ಳಬೇಕು.

ಇದಕ್ಕೆ ನಮ್ಮಲ್ಲಿ ಸಿಗುವ ದೊಡ್ಡ ಸಾಕ್ಷಿ, ಕಿವಿಯೇ ಸರಿಯಾಗಿ ಕೇಳಿಸದ ನಟ ಟಿ.ಎನ್. ಬಾಲಕೃಷ್ಣ. ಅರಸೀಕೆರೆಯ ಈ ಬಾಲಣ್ಣ ಕಂಪನಿ ನಾಟಕಗಳಿಂದ ಬಂದವರು. 1943ರ ‘ರಾಧಾ ರಮಣ’ದಿಂದ ಶುರುವಾದ ಅವರ ಸಿನಿಮಾ ಬದುಕು ಅರ್ಧ ಶತಮಾನದಷ್ಟು ನಡೆಯಿತು. ಎದುರಿನವರ ತುಟಿ ನೋಡಿ ಮಾತು ಹಿಡಿಯುತ್ತಿದ್ದರು. 1972ರ ‘ಬಂಗಾರದ ಮನುಷ್ಯ’ದಲ್ಲಿ ನಾಯಕ ರಾಜೀವನ ಬೆನ್ನಿಗೆ ನಿಲ್ಲುವ ರಾಚೂಟಪ್ಪನಾಗಿ ಅವರನ್ನು ನೋಡು. ರಾಜ್‌ಕುಮಾರ್ ಮಾತಾಡುವಷ್ಟು ಹೊತ್ತೂ ಆ ಕಣ್ಣು ಅತ್ತಿತ್ತ ಹೋಗುವುದಿಲ್ಲ, ಮಾತು ಮುಗಿಯುವ ಮೊದಲೇ ಮುಖದಲ್ಲಿ ಉತ್ತರ ಮೂಡಲು ಶುರುವಾಗಿರುತ್ತದೆ. ಕೊರತೆಯೇ ವರವಾಯಿತು ಎಂಬ ಸಿಹಿ ಕತೆ ಹೇಳುತ್ತಿಲ್ಲ ನಾನು. ಕಿವಿ ಕೇಳಿಸದೆ ಸೆಟ್ಟಿನಲ್ಲಿ ದುಡಿಯುವುದು ಕಷ್ಟವೇ. ಆದರೆ ಕಿವಿ ನೆಟ್ಟಗಿರುವ ನಮ್ಮಲ್ಲಿ ಹೆಚ್ಚಿನವರು ಎದುರಿನವರ ಮಾತು ಮುಗಿಯಲೆಂದು ಕಾಯುತ್ತಾ ಮನಸ್ಸಿನಲ್ಲಿ ನಮ್ಮದೇ ಡೈಲಾಗ್ ಉರು ಹೊಡೆಯುತ್ತಿರುತ್ತೇವೆ. ಬಾಲಣ್ಣನಿಗೆ ಆ ಸೋಮಾರಿತನಕ್ಕೆ ಅವಕಾಶವೇ ಇರಲಿಲ್ಲ.

ಒಮ್ಮೆ ಅಪ್ಪನಾದರೆ ಕೊನೆತನಕ ಅಪ್ಪನೇ, ಒಂದೇ ಅಚ್ಚಿಗೆ ಸಿಕ್ಕಿಬಿಡುತ್ತೇನೆ ಅನ್ನುತ್ತೀಯ. ಭಯ ಸುಳ್ಳಲ್ಲ. 1974ರ ‘ಭೂತಯ್ಯನ ಮಗ ಅಯ್ಯು’ವಿನಲ್ಲಿ ಉಪ್ಪಿನಕಾಯಿ ಚಪ್ಪರಿಸಿದ ಲೋಕನಾಥ್ ಅವರನ್ನು ಜನ ಕೊನೆಯವರೆಗೂ ಆ ಉಪ್ಪಿನಕಾಯಿಯಿಂದಲೇ ಗುರುತು ಹಿಡಿದರು, ‘ಸಂಸ್ಕಾರ’ದಂಥ ಚಿತ್ರದಲ್ಲಿದ್ದರೆಂಬುದು ಎಷ್ಟೋ ಜನರ ನೆನಪಿನಲ್ಲೇ ಇಲ್ಲ. ಆದರೂ ಅಚ್ಚು ಎಂಬುದು ಬರೀ ಸಂಕೋಲೆಯೇನಲ್ಲ. ಪುಟ್ಟಣ್ಣ ಕಣಗಾಲರ ‘ನಾಗರಹಾವು’ (1972) ಚಿತ್ರವನ್ನೇ ತೆಗೆದುಕೊ. ಊರಿಗೆಲ್ಲ ಬೇಡವಾದ ರಾಮಾಚಾರಿಯನ್ನು ನಂಬುವವರು ಚಾಮಯ್ಯ ಮೇಷ್ಟ್ರು. ಅವನ ಪ್ರೀತಿಯನ್ನು ಬಿಟ್ಟುಕೊಡಿಸುವವರೂ ಅವರೇ, ಅವನು ಪ್ರೀತಿಸಿದ ಅಲಮೇಲುವಿನ ಬಾಳು ಹಾಳಾಗುವುದು ಆ ಒಳ್ಳೆಯ ಬುದ್ಧಿವಾದದಿಂದಲೇ. ಮೇಷ್ಟ್ರ ಮೇಲೆ ನಮಗೆ ಒಂದು ಎಳೆ ಅನುಮಾನ ಬಂದಿದ್ದರೂ ರಾಮಾಚಾರಿ ಪೆದ್ದನಂತೆ ಕಾಣುತ್ತಿದ್ದ. ಬರಲಿಲ್ಲ, ಯಾಕೆಂದರೆ ಆ ಮುಖ ಕೆ.ಎಸ್. ಅಶ್ವಥ್ ಅವರದು. ಅಷ್ಟು ಹೊತ್ತಿಗಾಗಲೇ ಹತ್ತಾರು ಚಿತ್ರಗಳಲ್ಲಿ ಸಾತ್ವಿಕ ತಂದೆಯಾಗಿ ಅವರು ಗಳಿಸಿದ್ದ ನಂಬಿಕೆಯನ್ನು ಪುಟ್ಟಣ್ಣ ಇಡಿಯಾಗಿ ದುರಂತಕ್ಕೆ ಬಳಸಿಕೊಂಡರು. ಅಚ್ಚನ್ನು ಮುರಿಯುವ ಪಾತ್ರ ಬೇಕೆನ್ನುವ ನಟರು ಬೇಕಾದಷ್ಟು ಸಿಗುತ್ತಾರೆ. ಅಚ್ಚಿನೊಳಗೇ ಇದ್ದು, ಒಳ್ಳೆಯತನ ಎಷ್ಟು ಕೇಡು ಮಾಡಬಲ್ಲದು ಎಂದು ತೋರಿಸುವುದು ಅದಕ್ಕಿಂತ ಕಠಿಣ ಎಂದು ನನಗನ್ನಿಸುತ್ತದೆ.

ಧಾರಾವಾಹಿಯಲ್ಲಿ ಇದಕ್ಕೆಲ್ಲ ಪುರುಸೊತ್ತೆಲ್ಲಿ ಎಂದೂ ಕೇಳಬಹುದು. ದಿನಕ್ಕೊಂದು ಕಂತು ಮುಗಿಸುವ ಧಾವಂತ, ಸೀನ್ ಪೇಪರ್ ಕೈಗೆ ಬರುವುದು ಮೇಕಪ್ ಆಗುವಾಗ, ಪಕ್ಕದಿಂದ ಪ್ರಾಂಪ್ಟಿಂಗ್. ನಿಜ. ಆದರೆ ಧಾರಾವಾಹಿಯಷ್ಟು ರಿಯಾಕ್ಷನ್ನನ್ನೇ ನೆಚ್ಚಿಕೊಂಡ ಮಾಧ್ಯಮ ಇನ್ನೊಂದಿಲ್ಲ. ಸೊಸೆ ಒಂದು ಮಾತು ಆಡಿದರೆ ಸಾಕು, ಹಿನ್ನೆಲೆ ಸಂಗೀತದ ಜೊತೆ ಕ್ಯಾಮೆರಾ ಮನೆಮಂದಿಯ ಮುಖಗಳನ್ನೆಲ್ಲ ಒಂದು ಸುತ್ತು ಹಾಕಿ ಬರುತ್ತದೆ. ಎಷ್ಟೋ ಸಲ ಆ ಮಾತಾಡಿದವಳು ಆಗ ಸೆಟ್ಟಿನಲ್ಲೇ ಇರುವುದಿಲ್ಲ, ಬರಿ ಗೋಡೆ ನೋಡಿ ಬೆಚ್ಚಬೇಕು. ಅವಳ ಸಾಲೂ ಬಾಯಿಗೆ ಬರುವಂತಿದ್ದರೆ ಮಾತ್ರ ಆ ಬೆಚ್ಚುವಿಕೆಗೆ ಅರ್ಥ ಬರುತ್ತದೆ. ಇಲ್ಲವಾದರೆ ಹುಬ್ಬು ಏರಿಸಿ ಬಿಟ್ಟ ಅಷ್ಟೇ ಅನ್ನಿಸುತ್ತದೆ. ಸೀನ್ ಪೇಪರ್ ಬಂದಾಗ ನಿನ್ನ ಸಾಲಿಗೆ ಗೆರೆ ಎಳೆಯುವ ಮೊದಲು ಉಳಿದವರ ಸಾಲು ಓದು ಎನ್ನುವುದು ಅದಕ್ಕೇ.

ಇನ್ನು ಹೊಟ್ಟೆಪಾಡಿನ ಪ್ರಶ್ನೆ. ಇದಕ್ಕೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ಬಾಲಣ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಮತ್ತು ರಾಜ್‌ಕುಮಾರ್ ಸೇರಿ 1960ರಲ್ಲಿ ‘ರಣಧೀರ ಕಂಠೀರವ’ ತೆಗೆದರು. ನಾಯಕನೊಬ್ಬನ ಜೊತೆ ಪೋಷಕ ನಟರೂ ಹೆಗಲು ಕೊಟ್ಟು ಮಾಡಿದ ಚಿತ್ರ ಅದು. ಆದರೆ ಕನ್ನಡ ಚಿತ್ರಗಳು ಮದರಾಸಿನ ಸ್ಟುಡಿಯೋಗಳನ್ನು ನೆಚ್ಚಿಕೊಂಡಿದ್ದ ಕಾಲದಲ್ಲಿ ಕೆಂಗೇರಿಯ ಬಳಿ ಅಭಿಮಾನ್ ಸ್ಟುಡಿಯೋ ಕಟ್ಟಲು ಹೋಗಿ ಅದೇ ಬಾಲಣ್ಣ ಸಾಲದಲ್ಲಿ ಮುಳುಗಿದರು. ನೂರಾರು ಚಿತ್ರಗಳಲ್ಲಿ ದುಡಿದರೂ ನಿಶ್ಚಿಂತೆ ಸಿಗಲಿಲ್ಲ. ಹಾಗಾಗಿ ಕೈಯಲ್ಲಿರುವ ಕೆಲಸ ಬಿಟ್ಟು ಬಾ ಎಂದು ನಿನಗೆ ಹೇಳಲಾರೆ. ಚಿತ್ರದುರ್ಗದ ದತ್ತಣ್ಣ ವಾಯುಪಡೆಯಲ್ಲಿದ್ದು, ನಲವತ್ತು ದಾಟಿದ ಮೇಲೆ ಸಿನಿಮಾಕ್ಕೆ ಬಂದವರು. ‘ಭಾರತ್ ಸ್ಟೋರ್ಸ್’ನ ಆ ಸೋತ ದಿನಸಿ ಅಂಗಡಿಯ ಶೆಟ್ಟರ ಪಾತ್ರಕ್ಕೆ ರಾಷ್ಟ್ರ ಪ್ರಶಸ್ತಿಯ ವಿಶೇಷ ಉಲ್ಲೇಖ ಬಂದಾಗ ಅವರಿಗೆ ಎಪ್ಪತ್ತು. ನಾಯಕನ ವಯಸ್ಸು ದಾಟಿದ ಮೇಲೆ ಬೆಲೆ ಬರುವ ಕಸುಬು ಇದು, ಆತುರ ಬೇಡ. ಒಪ್ಪಿದ ಪಾತ್ರ ಎಷ್ಟೇ ಚಿಕ್ಕದಾದರೂ ದಿನದ ಸಂಭಾವನೆ ಎಷ್ಟು, ಯಾವತ್ತು ಕೈಗೆ ಬರುತ್ತದೆ ಎಂಬುದನ್ನು ಮಾತ್ರ ಬಣ್ಣ ಹಚ್ಚುವ ಮೊದಲೇ ಬರೆಸಿಕೊ.

ಇಂತಿ,
ನಿನ್ನ ಹಿತ ಬಯಸುವ ಹಿರಿಯ