ಮೊಡವೆಗೂ ಅದೇ ಗುಳಿಗೆ, ರಕ್ತದ ಕ್ಯಾನ್ಸರಿಗೂ ಅದೇನಾ?

ಈ ಸಲ ಬಂದ ಪತ್ರಗಳಲ್ಲಿ ಐದನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯಿಂದ ಬಂದವು. ಬರೆದವರಿಗೆ ಒಬ್ಬರಿಗೊಬ್ಬರ ಪರಿಚಯವಿಲ್ಲ, ಆದರೆ ಐವರೂ ಕೇಳಿರುವುದು ಒಂದೇ ಮನೆತನದ ಔಷಧಗಳ ಬಗ್ಗೆ: ವಿಟಮಿನ್ ‘ಎ’ ಮೂಲದ ರೆಟಿನಾಯ್ಡ್‌ಗಳು. ನಾನು ಚರ್ಮರೋಗ ವೈದ್ಯೆ. ಮೂರನೆಯ ಪತ್ರದ ಉತ್ತರವನ್ನು ರಕ್ತರೋಗ ನೋಡುವ ನನ್ನ ಸಹಪಾಠಿಯೊಬ್ಬರಿಗೆ ತೋರಿಸಿ, ಅವರು ಹೂಂ ಎಂದ ಮೇಲೆಯೇ ಕಳಿಸಿದ್ದೇನೆ.

ನನ್ನ ಮಗಳಿಗೆ 22 ವರ್ಷ. ಗಲ್ಲ, ಬೆನ್ನಿನ ತುಂಬ ಗಂಟಿನಂಥ ಮೊಡವೆ. ಚರ್ಮದ ಡಾಕ್ಟ್ರು ಐಸೊಟ್ರೆಟಿನಾಯಿನ್ 20 ಮಿ.ಗ್ರಾಂ. ಗುಳಿಗೆ ಕೊಟ್ಟು, ಆರು ತಿಂಗಳು ತಗೋಬೇಕು ಅಂದರು. ನನ್ನ ತಮ್ಮನ ಮಗ ಮೊಬೈಲಿನಲ್ಲಿ ನೋಡಿ, ‘ಅತ್ತೀ, ಇದು ರಕ್ತದ ಕ್ಯಾನ್ಸರಿಗೆ ಕೊಡೋ ಗುಳಿಗಿ’ ಅಂದ. ಅವತ್ತೇ ನಿಲ್ಲಿಸಿದೆವು. ಮುಂದಿನ ವೈಶಾಖದಲ್ಲಿ ಮದುವೆ ಮಾಡುವ ಮಾತು ನಡೆದಿದೆ. ಅಷ್ಟರಲ್ಲಿ ಮಾರಿ ಚಂದ ಆಗಬೇಕು ಅಂತ ಆಸೆ. ಏನು ಮಾಡಲಿ?
— ಒಬ್ಬ ತಾಯಿ, ಬ್ಯಾಡಗಿ

ಅಕ್ಕಾ, ನಿಮ್ಮ ಅಳಿಯ ಓದಿದ್ದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ರೆಟಿನಾಯಿಕ್ ಆಮ್ಲ ಎಂಬ ವಸ್ತುವಿಗೆ ಉದ್ದನೆಯ ಬಾಲವಿದೆ. ಅದರಲ್ಲಿ ಒಂದು ಕೊಂಡಿ ಬಾಗಿದ್ದರೆ ಐಸೊಟ್ರೆಟಿನಾಯಿನ್, ನೆಟ್ಟಗಿದ್ದರೆ ಟ್ರೆಟಿನಾಯಿನ್. ಒಂದು ಬಗೆಯ ರಕ್ತದ ಕ್ಯಾನ್ಸರಿಗೆ ಕೊಡುವುದು ಈ ನೆಟ್ಟಗಿನದನ್ನು. ನಿಮ್ಮ ಮಗಳಿಗೆ ಕೊಟ್ಟಿದ್ದು ಬಾಗಿದ್ದು. ಅದನ್ನೂ ಮಕ್ಕಳಲ್ಲಿ ಬರುವ ನ್ಯೂರೋಬ್ಲಾಸ್ಟೋಮಾ ಎಂಬ ಗಡ್ಡೆಯ ಚಿಕಿತ್ಸೆಯ ಕೊನೆಯ ಹಂತದಲ್ಲಿ ಬಳಸುತ್ತಾರೆ. ಹಾಗೆಂದು ಮೊಡವೆಗೆ ಅದನ್ನು ಬರೆದುಕೊಟ್ಟರೆ ನಿಮ್ಮ ಮಗಳಿಗೆ ಕ್ಯಾನ್ಸರ್ ಇದೆ ಎಂದಲ್ಲ, ಅದರಿಂದ ಕ್ಯಾನ್ಸರ್ ಬರುತ್ತದೆ ಎಂದೂ ಅಲ್ಲ.

ಗಂಟುಗಟ್ಟಿ, ಕೀವಾಗಿ, ಒಣಗಿದ ಮೇಲೆ ಗುಳಿ ಬಿಡುವ ಮೊಡವೆಗೆ ಇದಕ್ಕಿಂತ ಗಟ್ಟಿಯಾದ ಔಷಧ ನಮ್ಮಲ್ಲಿಲ್ಲ. 1979ರಲ್ಲಿ ಅಮೆರಿಕದ ವೈದ್ಯರು ಇದರ ಫಲವನ್ನು ಮೊದಲು ಪ್ರಕಟಿಸಿದರು, 1982ರಲ್ಲಿ ಅಲ್ಲಿ ಮಾರಾಟಕ್ಕೆ ಅನುಮತಿ ಸಿಕ್ಕಿತು. ಚರ್ಮದ ಕೆಳಗೆ ಎಣ್ಣೆ ಒಸರುವ ಗ್ರಂಥಿಗಳನ್ನು ಇದು ಕುಗ್ಗಿಸುತ್ತದೆ. ಎಣ್ಣೆಯಿಲ್ಲದ ಕಡೆ ಮೊಡವೆ ಬೆಳೆಯುವುದಿಲ್ಲ. ತುಟಿ ಒಡೆಯುವುದು, ಮೂಗು ಒಣಗಿ ಒಮ್ಮೊಮ್ಮೆ ರಕ್ತ ಬರುವುದು, ಕಣ್ಣು ಚುರುಗುಟ್ಟುವುದು ಸಾಮಾನ್ಯ. ತುಟಿಗೆ ವ್ಯಾಸಲೀನ್ ಹಚ್ಚುತ್ತಿರಲಿ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಗುಳಿಗೆ ಸರಿಯಾಗಿ ಮೈಗೆ ಹತ್ತುವುದಿಲ್ಲ, ಜಿಡ್ಡು ಬೇಕು. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಉಂಡು ನುಂಗಿದರೆ ಸಾಕು. ಲಿವರ್ ಮತ್ತು ಕೊಬ್ಬಿನ ರಕ್ತ ಪರೀಕ್ಷೆಯನ್ನು ಡಾಕ್ಟ್ರು ಹೇಳಿದಾಗ ತಪ್ಪಿಸಬೇಡಿ. ಮಗಳು ಮಂಕಾದಳು, ಒಬ್ಬಳೇ ಕೂರುತ್ತಾಳೆ, ನಿದ್ದೆ ಬಿಟ್ಟಳು ಎನಿಸಿದರೆ ಮುಂದಿನ ತಾರೀಖಿಗೆ ಕಾಯದೆ ಹೋಗಿ ತಿಳಿಸಿ.

ಇನ್ನು ನನಗೆ ನಿಜವಾಗಿ ಭಯವಿರುವ ವಿಷಯ. ಈ ಗುಳಿಗೆ ನುಂಗುವಾಗ ಬಸಿರು ನಿಲ್ಲಲೇಬಾರದು. ಹೊಟ್ಟೆಯಲ್ಲಿರುವ ಮಗುವಿನ ಕಿವಿ, ಹೃದಯ, ಮೆದುಳು, ಮುಖದ ರಚನೆ ಇದರಿಂದ ಕೆಡುತ್ತದೆ. ಬಸಿರಿನಲ್ಲಿ ಈ ಔಷಧ ತಗುಲಿ ಹುಟ್ಟಿದ ನೂರು ಮಕ್ಕಳಲ್ಲಿ 20ರಿಂದ 35 ಮಕ್ಕಳಿಗೆ ಇಂಥ ಊನ ಬರುತ್ತದೆಂದು ಲೆಕ್ಕವಿದೆ. ಒಂದೆರಡು ಗುಳಿಗೆಯೂ ಅಪಾಯವೇ. ಅಮೆರಿಕದಲ್ಲಿ 2006ರಿಂದ, ಹೆಸರು ನೋಂದಾಯಿಸಿ ಬಸಿರಿನ ಪರೀಕ್ಷೆ ಮಾಡಿಸಿಕೊಳ್ಳದ ಹೆಣ್ಣುಮಕ್ಕಳಿಗೆ ಇದನ್ನು ಕೊಡುವಂತಿಲ್ಲ. ನಮ್ಮಲ್ಲಿ ಚೀಟಿ ಇಲ್ಲದೆ ಮಾರಬಾರದೆಂಬ ಕಾನೂನಿದೆ, ಆದರೂ ಹಳೆಯ ಚೀಟಿ ತೋರಿಸಿದರೆ ತಿಂಗಳುಗಟ್ಟಲೆ ಸಿಗುತ್ತದೆ. ಮದುವೆಯಾಗದ ಹುಡುಗಿಗೆ ‘ಬಸಿರಿನ ಪರೀಕ್ಷೆ ಮಾಡಿಸು’ ಎನ್ನಲು ವೈದ್ಯರಿಗೂ ಸಂಕೋಚ, ಕೇಳಿಸಿಕೊಳ್ಳಲು ಮನೆಯವರಿಗೂ ಮುಜುಗರ. ಈ ಸಂಕೋಚದಲ್ಲೇ ಹೇಳಬೇಕಾದ ಮಾತು ಉಳಿದುಹೋಗುತ್ತದೆ. ನಿಮ್ಮ ಪತ್ರದಲ್ಲಿ ಕ್ಯಾನ್ಸರಿನ ಭಯವಿದೆ, ಆದರೆ ಬಸಿರಿನ ವಿಷಯವನ್ನು ಡಾಕ್ಟ್ರು ಹೇಳಿದರೆಂದು ಎಲ್ಲೂ ಇಲ್ಲ. ಅದಕ್ಕೇ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಲೆಕ್ಕ ಹೀಗೆ ಹಾಕಿ. ಶುರು ಮಾಡುವ ಮೊದಲು ಪರೀಕ್ಷೆ, ಮುಟ್ಟಾದ ಎರಡನೆಯ ಅಥವಾ ಮೂರನೆಯ ದಿನ ಮೊದಲ ಗುಳಿಗೆ. ಮದುವೆಗೆ ಒಂದು ತಿಂಗಳಾದರೂ ಮೊದಲು ಕೊನೆಯ ಗುಳಿಗೆ ಮುಗಿದಿರಬೇಕು. ಆ ಒಂದು ತಿಂಗಳು ಕಳೆದ ಮೇಲೆ ಮಗುವಿಗೆ ಏನೂ ತೊಂದರೆಯಿಲ್ಲ, ಮುಂದೆ ಮಕ್ಕಳಾಗುವುದಕ್ಕೂ ಅಡ್ಡಿಯಿಲ್ಲ. ಅಷ್ಟು ಸಮಯ ಸಿಗದಿದ್ದರೆ ಡಾಕ್ಟ್ರಿಗೆ ಮದುವೆಯ ತಾರೀಖು ಹೇಳಿ, ಬೇರೆ ದಾರಿ ಹುಡುಕಲಿ. ಮದುವೆಗೆ ಮುಂಚೆ ಪಾರ್ಲರಿನಲ್ಲಿ ವ್ಯಾಕ್ಸಿಂಗ್ ಬೇಡ, ಈ ಗುಳಿಗೆ ನುಂಗುವವರ ಚರ್ಮ ಪಟ್ಟಿಯ ಜೊತೆ ಕಿತ್ತು ಬರುತ್ತದೆ. ಉಳಿದ ಗುಳಿಗೆಯನ್ನು ಪಕ್ಕದ ಮನೆಯ ಹುಡುಗಿಗೆ ಕೊಡಬೇಡಿ.

ಈ ಮಾತನ್ನು ಮಗಳನ್ನೂ ಕೂರಿಸಿಕೊಂಡು ಓದಿ.

ಟೊಮೆಟೊ, ಮೆಣಸಿನಕಾಯಿ ಬೀಜದ ಪ್ಲಾಟಿನಲ್ಲಿ ಕ್ರಾಸಿಂಗ್ ಕೆಲಸಕ್ಕೆ ಹೋಗುತ್ತೇನೆ. ಬಿಸಿಲಿಗೆ ಮುಖ ಕಪ್ಪಾಗಿ ಮೊಡವೆ ಎದ್ದಿತ್ತು. ಔಷಧ ಅಂಗಡಿಯವರು ಕೊಟ್ಟ ಕ್ರೀಮು ಹಚ್ಚಿದೆ, ಹದಿನೈದು ದಿನಕ್ಕೆ ಬೆಳ್ಳಗಾಯಿತು. ಈಗ ನಾಲ್ಕು ತಿಂಗಳಾಯಿತು. ಒಂದು ದಿನ ಬಿಟ್ಟರೂ ಮುಖ ಕೆಂಪಾಗಿ ಉರಿಯುತ್ತದೆ. ಕೆನ್ನೆಯ ಮೇಲೆ ಸಣ್ಣ ರಕ್ತನಾಳ ಕಾಣುತ್ತವೆ. ಟ್ಯೂಬಿನ ಮೇಲೆ ‘ಟ್ರೆಟಿನಾಯಿನ್’ ಎಂದಿದೆ.
— ಒಬ್ಬ ಯುವತಿ, ರಾಣೆಬೆನ್ನೂರು

ತಂಗೀ, ಟ್ಯೂಬಿನ ಮೇಲಿನ ಉಳಿದ ಎರಡು ಹೆಸರನ್ನೂ ಓದು. ಹೈಡ್ರೋಕ್ವಿನೋನ್ ಒಂದು. ‘ಸೋನ್’ ಎಂದು ಮುಗಿಯುವುದು ಇನ್ನೊಂದು, ಅದೇ ಸ್ಟೆರಾಯ್ಡ್. ಮೊದಲ ವಾರ ಮುಖ ತಿಳಿಯಾಗಿ ಕಂಡಿದ್ದು ಅದರಿಂದ, ಈಗ ಉರಿಯುತ್ತಿರುವುದೂ ಮುಖ್ಯವಾಗಿ ಅದರಿಂದಲೇ. ಈ ಮೂರರ ಮಿಶ್ರಣವನ್ನು ಬಂಗು ಇದ್ದವರಿಗೆ ಕೆಲವು ವಾರಗಳ ಮಟ್ಟಿಗೆ, ವೈದ್ಯರ ಕಣ್ಗಾವಲಿನಲ್ಲಿ ಕೊಡುತ್ತೇವೆ. ಬೆಳ್ಳಗಾಗುವ ಕ್ರೀಮು ಅಲ್ಲ ಅದು. 2018ರಲ್ಲಿ ಕೇಂದ್ರ ಸರ್ಕಾರ 14 ಸ್ಟೆರಾಯ್ಡ್ ಕ್ರೀಮುಗಳನ್ನು ಚೀಟಿ ಇಲ್ಲದೆ ಮಾರಬಾರದೆಂದು ಆದೇಶ ಮಾಡಿದ್ದು ನಿನ್ನಂಥ ಸಾವಿರಾರು ಮುಖಗಳು ಸುಟ್ಟಿದ್ದಕ್ಕೇ. ಇಂದೇ ಕ್ರೀಮು ನಿಲ್ಲಿಸಿ ಚರ್ಮದ ಡಾಕ್ಟ್ರಿಗೆ ಟ್ಯೂಬು ಸಮೇತ ತೋರಿಸು. ಬಿಟ್ಟ ಮೇಲೆ ಕೆಲವು ವಾರ ಉರಿ ಹೆಚ್ಚಾಗುತ್ತದೆ, ಹೆದರಿ ಮತ್ತೆ ಹಚ್ಚಬೇಡ.

ಮೊಡವೆಗೆ ಬರೀ ಅಡಪಲೀನ್ ಅಥವಾ ಬರೀ ಟ್ರೆಟಿನಾಯಿನ್ ಮುಲಾಮು ಒಳ್ಳೆಯದು, ಆದರೆ ಮೊದಲು ಚರ್ಮ ಚೇತರಿಸಿಕೊಳ್ಳಲಿ. ಅದನ್ನು ಹಚ್ಚುವುದು ರಾತ್ರಿ ಮಾತ್ರ, ಮುಖ ತೊಳೆದು ಪೂರ್ತಿ ಒಣಗಿದ ಮೇಲೆ, ಇಡೀ ಮುಖಕ್ಕೆ ಒಂದು ಬಟಾಣಿ ಕಾಳಿನಷ್ಟು. ಮೊದಲ ತಿಂಗಳು ಮೊಡವೆ ಹೆಚ್ಚಾದಂತೆ ಕಾಣುತ್ತದೆ, ಫಲ ಸಿಗಲು ಎರಡು–ಮೂರು ತಿಂಗಳು ಬೇಕು. ಬಸಿರಿನಲ್ಲಿ ಇದನ್ನೂ ಬಿಡಬೇಕು. ಪ್ಲಾಟಿಗೆ ಹೋಗುವಾಗ ತಲೆಯ ಸೆರಗನ್ನು ಹಣೆಯ ಮೇಲೆ ಎಳೆದುಕೋ.

ನನ್ನ ತಮ್ಮನಿಗೆ 26. ಹಲ್ಲುಜ್ಜುವಾಗ ಒಸಡಿನಿಂದ ರಕ್ತ, ತೊಡೆಯ ಮೇಲೆ ಪೆಟ್ಟಾಗದೆಯೇ ನೀಲಿ ಕಲೆ. ಹಲ್ಲಿನ ಡಾಕ್ಟ್ರು ರಕ್ತ ಪರೀಕ್ಷೆಗೆ ಕಳಿಸಿದರು, ಪ್ಲೇಟ್‌ಲೆಟ್ 14 ಸಾವಿರ. ರಾತ್ರಿಯೇ ದೊಡ್ಡ ಆಸ್ಪತ್ರೆಗೆ ಓಡಿದೆವು. ಫೈಲಿನ ಮೇಲೆ ‘ಎಪಿಎಲ್’ ಎಂದಿತ್ತು. ‘ನಮ್ಮದು ಬಿಪಿಎಲ್ ಕಾರ್ಡು’ ಎಂದು ನರ್ಸಮ್ಮನ ಜೊತೆ ವಾದ ಮಾಡಿದೆ, ಅದು ಕಾಯಿಲೆಯ ಹೆಸರೆಂದು ಆಮೇಲೆ ತಿಳಿಯಿತು. ಪೂರ್ತಿ ವರದಿ ಬರುವ ಮೊದಲೇ ಎರಡು ಹೊತ್ತು ‘ವಿಟಮಿನ್ನಿನ ಗುಳಿಗೆ’ ಶುರು ಮಾಡಿದ್ದಾರೆ. ಈಗ ಆರ್ಸೆನಿಕ್ ಏರಿಸುತ್ತೇವೆ ಎನ್ನುತ್ತಾರೆ. ಊರ ಹಿರಿಯರು, ‘ಪಾಷಾಣ ಏರಿಸ್ತಾರಂತ, ಬಿಡಿಸ್ಕೊಂಡು ಬರ್ರಿ’ ಅನ್ನುತ್ತಿದ್ದಾರೆ.
— ಒಬ್ಬ ಅಣ್ಣ, ಹಾವೇರಿ

ಬಿಡಿಸಿಕೊಂಡು ಬರಬೇಡಿ. ಮೊದಲು ಇದೊಂದು ಮಾತು ಹಿರಿಯರಿಗೆ ತಲುಪಲಿ.

ಎಪಿಎಲ್ ಎಂದರೆ ಅಕ್ಯೂಟ್ ಪ್ರೋಮೈಲೋಸಿಟಿಕ್ ಲ್ಯುಕೇಮಿಯಾ. 1957ರಲ್ಲಿ ನಾರ್ವೆಯ ವೈದ್ಯ ಹಿಲ್ಲೆಸ್ಟಾಡ್ ಇದನ್ನು ಬೇರೆ ಕಾಯಿಲೆಯೆಂದು ಗುರುತಿಸಿ ವಿವರಿಸಿದಾಗ, ರೋಗಿಗಳು ಕೆಲವೇ ವಾರಗಳಲ್ಲಿ ರಕ್ತಸ್ರಾವದಿಂದ ಸಾಯುತ್ತಿದ್ದರು. 15 ಮತ್ತು 17ನೆಯ ವರ್ಣತಂತುಗಳು ತುಂಡಾಗಿ ಅದಲುಬದಲಾಗಿ ಅಂಟಿಕೊಳ್ಳುವುದು ಇದರ ಮೂಲ. ವಿಟಮಿನ್ ‘ಎ’ಯ ಸಂದೇಶ ಹಿಡಿಯುವ ಭಾಗವೇ ಅಲ್ಲಿ ಕೆಡುತ್ತದೆ. ಆಗ ಮಜ್ಜೆಯಲ್ಲಿ ಹುಟ್ಟಿದ ಬಿಳಿ ರಕ್ತಕಣ ಅರ್ಧಕ್ಕೇ ನಿಲ್ಲುತ್ತದೆ. ಹೊಲದಲ್ಲಿ ಕಾಯಿ ಹಸಿರಾಗಿಯೇ ಉಳಿದು, ಹಣ್ಣಾಗದೆ, ಉದುರದೆ, ಮೇಲೆ ಮೇಲೆ ಕಟ್ಟುತ್ತ ಹೋದಂತೆ. ನಿಮ್ಮ ತಮ್ಮನಿಗೆ ಕೊಡುತ್ತಿರುವ ‘ವಿಟಮಿನ್ನಿನ ಗುಳಿಗೆ’ಯೇ ಟ್ರೆಟಿನಾಯಿನ್. ಅದು ಆ ಕಣಗಳನ್ನು ಕೊಲ್ಲುವುದಿಲ್ಲ, ಹಣ್ಣು ಮಾಡುತ್ತದೆ. ಹಣ್ಣಾದ ಕಣ ತನ್ನ ಆಯಸ್ಸು ಮುಗಿಸಿ ತಾನೇ ಉದುರುತ್ತದೆ.

ಇದನ್ನು ರೋಗಿಯಲ್ಲಿ ಮಾಡಿ ತೋರಿಸಿದವರು ಶಾಂಘೈನ ವೈದ್ಯ ವಾಂಗ್ ಝೆನ್‌ಯಿ ಮತ್ತು ಸಂಗಡಿಗರು, 1980ರ ದಶಕದ ನಡುವಿನಲ್ಲಿ. ಬೇರೆ ಚಿಕಿತ್ಸೆಯಿಂದ ಗುಣವಾಗದ ಐದು ವರ್ಷದ ಹುಡುಗಿಯೊಬ್ಬಳು ಅವರ ಮೊದಲ ರೋಗಿ. ಆಗ ಅವರ ಕೈಗೆ ಸಿಕ್ಕಿದ ಟ್ರೆಟಿನಾಯಿನ್ ಅಲ್ಲಿ ಚರ್ಮರೋಗಕ್ಕೆಂದು ತಯಾರಾಗುತ್ತಿತ್ತು. ಆ ಮಗು ಬದುಕಿತು. 1988ರಲ್ಲಿ ಅವರು 24 ರೋಗಿಗಳ ವರದಿ ಪ್ರಕಟಿಸಿದರು: 23 ಜನರಲ್ಲಿ ಈ ಗುಳಿಗೆಯೊಂದರಿಂದಲೇ ರೋಗ ಹತೋಟಿಗೆ ಬಂದಿತ್ತು.

ಇನ್ನು ಪಾಷಾಣ. ಚೀನಾದ ಹಾರ್ಬಿನ್ ನಗರದ ವೈದ್ಯರು 1970ರ ದಶಕದಲ್ಲಿ ಇದರ ಗುಣ ಕಂಡುಕೊಂಡರು. ನಮ್ಮ ಪಕ್ಕದ ತಮಿಳುನಾಡಿನ ವೆಲ್ಲೂರು ಸಿಎಂಸಿ ಆಸ್ಪತ್ರೆಯಲ್ಲಿ 1998ರಿಂದ ಬರೀ ಆರ್ಸೆನಿಕ್ ಟ್ರೈಆಕ್ಸೈಡ್ ಕೊಟ್ಟು ನೋಡಿದ 72 ರೋಗಿಗಳಲ್ಲಿ 62 ಜನರಲ್ಲಿ ರೋಗದ ಕುರುಹು ಹೋಯಿತು. ದುಬಾರಿ ಚಿಕಿತ್ಸೆ ಕೈಗೆಟುಕದ ನಮ್ಮ ಜನರಿಗಾಗಿ ನಡೆದ ಈ ಕೆಲಸವನ್ನು ಜಗತ್ತಿನ ರಕ್ತರೋಗ ತಜ್ಞರು ಇಂದಿಗೂ ಉದಾಹರಿಸುತ್ತಾರೆ. 2013ರಲ್ಲಿ ಇಟಲಿ–ಜರ್ಮನಿಯ ವೈದ್ಯರು, ಬಿಳಿ ರಕ್ತಕಣ ಹತ್ತು ಸಾವಿರ ಮೀರದ ರೋಗಿಗಳಲ್ಲಿ ಗುಳಿಗೆ ಮತ್ತು ಆರ್ಸೆನಿಕ್ ಜೋಡಿಯನ್ನು ಗುಳಿಗೆ ಮತ್ತು ಕಿಮೋ ಜೋಡಿಗೆ ಹೋಲಿಸಿದರು. ಎರಡು ವರ್ಷದ ನಂತರ, ರೋಗ ಮರುಕಳಿಸದೆ ಬದುಕಿದ್ದವರು ಮೊದಲನೆಯದರಲ್ಲಿ ನೂರಕ್ಕೆ 97, ಎರಡನೆಯದರಲ್ಲಿ 86. ರಕ್ತದ ಕ್ಯಾನ್ಸರುಗಳಲ್ಲಿ ಇಂಥ ಅಂಕಿ ಅಪರೂಪ. ಬೇರೆ ಲ್ಯುಕೇಮಿಯಾಗಳಿಗೆ ಈ ಗುಳಿಗೆ ಹೀಗೆ ಫಲಿಸುವುದಿಲ್ಲ ಎಂಬುದನ್ನೂ ಹೇಳಬೇಕು.

ವರದಿಗೆ ಕಾಯದೆ ಗುಳಿಗೆ ಶುರು ಮಾಡಿದ ಆ ವೈದ್ಯರು ಸರಿಯಾದದ್ದನ್ನೇ ಮಾಡಿದ್ದಾರೆ. ಈ ಕಾಯಿಲೆಯಲ್ಲಿ ಸಾವು ಬರುವುದು ಹೆಚ್ಚಾಗಿ ಮೊದಲ ದಿನಗಳಲ್ಲಿ, ಮೆದುಳು ಅಥವಾ ಶ್ವಾಸಕೋಶದ ರಕ್ತಸ್ರಾವದಿಂದ. ನೀವು ಪಕ್ಕದಲ್ಲಿ ಕೂತು ಗಮನಿಸಬೇಕಾದ್ದು ಇಷ್ಟು: ಜ್ವರ, ಉಸಿರಿನ ಕಷ್ಟ, ಕಾಲು ಊದುವುದು, ಒಂದೆರಡು ದಿನದಲ್ಲಿ ತೂಕ ಏರುವುದು. ಕಣಗಳು ಒಮ್ಮೆಲೇ ಹಣ್ಣಾಗುವಾಗ ಹೀಗಾಗಬಹುದು, ಅದಕ್ಕೆ ಔಷಧವಿದೆ, ಆದರೆ ನರ್ಸಮ್ಮನಿಗೆ ಆ ಗಳಿಗೆಯಲ್ಲೇ ಹೇಳಬೇಕು. ಆರ್ಸೆನಿಕ್ ಏರಿಸುವಾಗ ಮತ್ತೆ ಮತ್ತೆ ಇಸಿಜಿ ತೆಗೆಯುತ್ತಾರೆ, ಬೇಸರಪಡಬೇಡಿ. ಚಿಕಿತ್ಸೆ ಎಂಟು–ಒಂಬತ್ತು ತಿಂಗಳು ನಡೆಯುತ್ತದೆ. ಮನೆಗೆ ಬಂದ ಮೇಲೆ ತಮ್ಮ ಮೈಕೈ ತುಂಬಿಕೊಂಡು ಓಡಾಡುತ್ತಾನೆ. ಆಗಲೇ ಜನ ಚಿಕಿತ್ಸೆ ಬಿಡುವುದು.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸೌಲಭ್ಯವಿದೆ. ಆಧಾರ್, ರೇಷನ್ ಕಾರ್ಡು ಹಿಡಿದು ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಇವತ್ತೇ ಕಾಣಿ.

ಮೆಣಸಿನಕಾಯಿ ಹೆಚ್ಚು ತಿಂದರೆ ಮೊಡವೆ ಬರುತ್ತದೆಯೇ? ವಿಟಮಿನ್ ‘ಎ’ಯಿಂದಲೇ ಮೊಡವೆ ಹೋಗುವುದಾದರೆ ಅಂಗನವಾಡಿಯಲ್ಲಿ ಮಕ್ಕಳಿಗೆ ಹಾಕುವ ದ್ರಾವಣವನ್ನು ನಾನೂ ಕುಡಿಯಬಹುದೇ?
— ತೊಟ್ಟು ಬಿಡಿಸುವ ಕೆಲಸದವರು, ಬ್ಯಾಡಗಿ

ಮೆಣಸಿನಕಾಯಿಗೂ ಮೊಡವೆಗೂ ಸಂಬಂಧ ಸಾಬೀತಾಗಿಲ್ಲ. ನಮ್ಮ ಬ್ಯಾಡಗಿಯದ್ದರಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ. ಆ ಕೆಂಪು ಹೆಚ್ಚಾಗಿ ಕ್ಯಾಪ್ಸಾಂಥಿನ್ ಎಂಬ ವಸ್ತುವಿನದು, ಅದು ವಿಟಮಿನ್ ‘ಎ’ ಆಗುವುದಿಲ್ಲ. ಜೊತೆಗಿರುವ ಬೀಟಾ ಕ್ಯಾರೊಟಿನ್ ಆಗುತ್ತದೆ, ಆದರೆ ಊಟದಲ್ಲಿ ಸಿಗುವಷ್ಟರಿಂದ ಮೊಡವೆ ಹೋಗದು. ಅಂಗನವಾಡಿಯ ದ್ರಾವಣ ಐದು ವರ್ಷದೊಳಗಿನ ಮಕ್ಕಳ ಕಣ್ಣು, ಜೀವ ಉಳಿಸಲು ಆರು ತಿಂಗಳಿಗೊಮ್ಮೆ ಕೊಡುವ ಅಳತೆಯ ಔಷಧ. ದೊಡ್ಡವರು ದಿನಾ ಕುಡಿದರೆ ಲಿವರ್ ಕೆಡುತ್ತದೆ, ಬಸಿರಿದ್ದರೆ ಮಗುವಿಗೂ ಕೇಡು. ಕುಡಿಯಬೇಡಿ.

ಮೊಡವೆಗೆ ಐಸೊಟ್ರೆಟಿನಾಯಿನ್ ತೆಗೆದುಕೊಳ್ಳುತ್ತಿದ್ದೇನೆ. ಕಾಲೇಜಿನಲ್ಲಿ ರಕ್ತದಾನ ಶಿಬಿರವಿದೆ. ಕೊಡಬಹುದೇ?
— ವಿದ್ಯಾರ್ಥಿ, ಹಾವೇರಿ

ಈಗ ಬೇಡಪ್ಪಾ. ನಿನ್ನ ರಕ್ತ ಬಸುರಿ ಹೆಂಗಸಿಗೆ ಹೋಗಬಹುದು, ಅದರಲ್ಲಿ ಈ ಔಷಧ ಇರುತ್ತದೆ. ಕೊನೆಯ ಗುಳಿಗೆ ನುಂಗಿ ಒಂದು ತಿಂಗಳು ಕಳೆದ ಮೇಲೆ ತಪ್ಪದೆ ಹೋಗಿ ಕೊಡು. ಮೇಲಿನ ಪತ್ರದ ತಮ್ಮನಂಥವರಿಗೆ ಮೊದಲ ವಾರಗಳಲ್ಲಿ ದಿನಾ ಪ್ಲೇಟ್‌ಲೆಟ್ ಬೇಕಾಗುತ್ತದೆ.